ಕೋವಿಯ ಹುಟ್ಟೂರು ಯಾವುದು?

ಮೈಸೂರಿನ ಹಳೆಯ ಮನೆಯಲ್ಲೊಂದು ಕೋವಿ ಇದೆಯೆಂದರೆ ಅದರ ಜೊತೆಗೊಂದು ಕಥೆಯೂ ಇರುತ್ತದೆ; ಆ ಕಥೆಯಲ್ಲಿ ಮಹಾರಾಜರು ಇಲ್ಲದೇ ಹೋದರೆ ಒಬ್ಬ ದೊರೆಯಾದರೂ ಇರುತ್ತಾನೆ. ತಾತ ಕಾಕನಕೋಟೆಯ ಖೆಡ್ಡಾದಲ್ಲಿ ಓಡಾಡಿದ್ದನ್ನು ಮೆಚ್ಚಿ ಅರಮನೆಯಿಂದ ಕೊಟ್ಟದ್ದು ಎಂದು ಒಂದು ಮನೆಯವರು ಹೇಳಿದರೆ, ತೋಟ ಮಾರಿ ಸೀಮೆಗೆ ಹಡಗು ಹತ್ತಿದ ಬಿಳಿಯ ದೊರೆ ಬಿಟ್ಟುಹೋದದ್ದು ಎಂದು ಇನ್ನೊಂದು ಮನೆಯವರು ಹೇಳುತ್ತಾರೆ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಅದು ಬೀರುವಿನಿಂದ ಹೊರಬರುತ್ತದೆ, ಎಣ್ಣೆ ಸವರಿಸಿಕೊಂಡು ಕುಂಕುಮ ಇಡಿಸಿಕೊಳ್ಳುತ್ತದೆ. ಚುನಾವಣೆ ಘೋಷಣೆಯಾದಾಗ ಠಾಣೆಗೆ ಹೋಗಿ ಠೇವಣಿಯಾಗುತ್ತದೆ. ನಳಿಗೆಯ ಮೇಲೆ ಲಂಡನ್ ಎಂಬ ಇಂಗ್ಲಿಷ್ ಅಕ್ಷರಗಳಿದ್ದರಂತೂ ಮುಗಿಯಿತು. ‘ನಮ್ಮದು ಲಂಡನ್ ಮೇಕ್’ ಎಂಬುದು ಮೂರು ತಲೆಮಾರಿನ ಮಾತಾಗಿಬಿಡುತ್ತದೆ.

ಆ ಮಾತನ್ನು ಪರೀಕ್ಷೆಗೆ ಒಡ್ಡಿದರೆ ಬೇರೆಯದೇ ಸಂಗತಿಗಳು ಹೊರಬೀಳುವುದುಂಟು. ಶಿಕಾರಿಯ ರೈಫಲ್ ಎಂದು ಮನೆಯವರು ನಂಬಿದ್ದು ಒಂದು ಕಾಲದಲ್ಲಿ ಸಿಪಾಯಿಯ ಹೆಗಲ ಮೇಲಿದ್ದದ್ದಾಗಿರುತ್ತದೆ. ಉದ್ದದ ಮರ ಕತ್ತರಿಸಿ, ಬಯೋನೆಟ್ಟಿನ ಕೊಂಡಿ ತೆಗೆದು, ಸೇನೆಯ ಸೈಟು ಉಜ್ಜಿ, ಚೆಂದದ ಹಿಡಿಮರ ಜೋಡಿಸಿ ಯಾರೋ ಅದನ್ನು ಬೇಟೆಗಾರನ ಕೈಗೆ ಒಗ್ಗುವಂತೆ ಮಾಡಿರುತ್ತಾರೆ. ಹಳೇ ಲಾರಿಯ ಚಾಸಿಗೆ ಹೊಸ ಬಾಡಿ ಕಟ್ಟಿಸಿದ ಹಾಗೆ. ಬಾಡಿಯ ಮೇಲೆ ಬರೆದ ಹೆಸರು ಕಟ್ಟಿದವನದು ಅಥವಾ ಮಾರಿದವನದು. ಎಂಜಿನ್ ಎಲ್ಲಿಯದು ಎಂದು ತಿಳಿಯಬೇಕಾದರೆ ಕೆಳಗೆ ಬಗ್ಗಿಯೇ ನೋಡಬೇಕು.

ಸೇನೆಯ ಕೋವಿ ಶಿಕಾರಿಯ ಕೋವಿಯಾಗುವುದಕ್ಕೆ ಕಾರಣ ಬರೀ ಬಡತನವಲ್ಲ. ಎರಡು ಮಹಾಯುದ್ಧಗಳು ಮುಗಿದಾಗ ಲಕ್ಷಗಟ್ಟಲೆ ರೈಫಲ್‌ಗಳು ಕೆಲಸವಿಲ್ಲದೆ ಉಳಿದವು. ಜರ್ಮನಿಯ ಮೌಸರ್, ಇಂಗ್ಲೆಂಡಿನ ಲೀ-ಎನ್‌ಫೀಲ್ಡ್‌ಗಳ ಉಕ್ಕು, ಕುಸುರಿ ಎರಡೂ ಗಟ್ಟಿ. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ, ಪಾರ್ಕರ್-ಹೇಲ್‌ನಂಥ ಕಂಪನಿಗಳು ಸೇನೆಯಿಂದ ಹೊರಬಿದ್ದ ರೈಫಲ್‌ಗಳನ್ನು ಕೊಂಡು, ಶಿಕಾರಿಗೆ ತಕ್ಕಂತೆ ಮಾರ್ಪಡಿಸಿ ಮಾರಿದವು. ಹೊಸದಾಗಿ ಮಾಡಿಸಿದ ಲಂಡನ್ ರೈಫಲ್ಲಿನ ಬೆಲೆಯ ಒಂದು ಪಾಲಿಗೆ ಅಷ್ಟೇ ನಂಬಿಕೆಯ ಯಂತ್ರ ಸಿಗುತ್ತಿತ್ತು. ನಮ್ಮಲ್ಲೂ ಎರಡನೆಯ ಮಹಾಯುದ್ಧದ ನಂತರ ‘ಮಿಲಿಟರಿ ಡಿಸ್ಪೋಸಲ್’ ಎಂಬ ಪದ ಜೀಪಿನಿಂದ ಕಂಬಳಿಯವರೆಗೆ ಎಲ್ಲದಕ್ಕೂ ಅಂಟಿಕೊಂಡಿತ್ತಲ್ಲ, ಅದೇ ಕಾಲದ ಮಾತು.

ಇನ್ನೊಂದು ಕಾರಣ ಕಾನೂನಿನದು, ಅದು ಭಾರತಕ್ಕೆ ವಿಶೇಷವಾದದ್ದು. ವಾಯವ್ಯ ಗಡಿಯ ಬುಡಕಟ್ಟುಗಳ ಕೈಯಲ್ಲಿ ಸೇನೆಯ ಹಳೆಯ ಮಾರ್ಟಿನಿ-ಹೆನ್ರಿ ರೈಫಲ್‌ಗಳು ಸಾಕಷ್ಟಿದ್ದವು. ಅವುಗಳ ಬೋರ್, ಅಂದರೆ ನಳಿಗೆಯ ಒಳ ಅಳತೆ, .450. ಬೇಟೆಗಾರರಿಗೆಂದು ಬರುವ ಅದೇ ಬೋರಿನ ತೋಟಾ, ಗುಂಡುಗಳು ಗಡಿ ಸೇರಿಯಾವೆಂದು ಹೆದರಿದ ಬ್ರಿಟಿಷ್ ಸರ್ಕಾರ 1907ರ ಸುಮಾರಿಗೆ ಭಾರತ ಮತ್ತು ಸುಡಾನ್‌ಗೆ .450 ಬೋರಿನ ರೈಫಲ್‌ಗಳು ಬರದಂತೆ ತಡೆಯಿತು. ಲಂಡನ್ನಿನ ಕಂಪನಿಗಳು ಸುಮ್ಮನೆ ಕೂರಲಿಲ್ಲ. ಬೋರನ್ನು ಚೂರು ದೊಡ್ಡದು ಮಾಡಿ .465, .470, .475 ಎಂದು ಹೊಸ ಹೊಸ ತೋಟಾಗಳನ್ನು ಹೊರತಂದವು. ಮಹಾರಾಜರುಗಳ ಜೋಡುನಳಿಗೆ ರೈಫಲ್‌ಗಳಲ್ಲಿ ಈ ವಿಚಿತ್ರ ಸಂಖ್ಯೆಗಳು ಕಾಣುವುದು ಈ ಕಾರಣಕ್ಕೆ. ಹಾಗಾಗಿ .465 ಎಂದು ಬರೆದಿರುವ ರೈಫಲ್ 1857ರ ದಂಗೆಯ ಕಾಲದ್ದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಸಾಮಾನ್ಯ ಶಿಕಾರಿಯ ವಿಷಯದಲ್ಲಿ ಮುಖ್ಯವಾದದ್ದು ಸೇನೆಯ ಸ್ವಂತ ಬೋರ್, .303. ಸಿಪಾಯಿಯ ತೋಟಾ ಜನರ ಕೈ ಸೇರಬಾರದೆಂದು ಅದನ್ನು ದೂರವಿಟ್ಟರು. ಇಂದಿಗೂ ‘ತ್ರೀ ನಾಟ್ ತ್ರೀ’ ನಿಷೇಧಿತ ಬೋರು. ಅದಕ್ಕೆ ಕಂಡುಕೊಂಡ ಉಪಾಯ ಸ್ವಾರಸ್ಯವಾಗಿದೆ. ರೈಫಲ್ ಅದೇ ಲೀ-ಎನ್‌ಫೀಲ್ಡ್, ತೋಟಾ ಮಾತ್ರ ಆಸ್ಟ್ರಿಯಾ-ಹಂಗರಿಯ ಸೇನೆಗಾಗಿ ತಯಾರಾದ 8 ಮಿಲಿಮೀಟರ್ ಮ್ಯಾನ್‌ಲಿಕರ್! ಅದಕ್ಕೆ ಇಲ್ಲಿಟ್ಟ ಹೆಸರು .315. ಬಿಎಸ್‌ಎ ಕಂಪನಿ ಆ ಬೋರಿನಲ್ಲಿ ಶಿಕಾರಿ ರೈಫಲ್‌ಗಳನ್ನು ಭಾರತಕ್ಕೆ ಕಳಿಸಿತು. ಸ್ವಾತಂತ್ರ್ಯಾನಂತರ ನಮ್ಮದೇ ಆರ್ಡ್ನೆನ್ಸ್ ಕಾರ್ಖಾನೆ ಅದನ್ನು ಮುಂದುವರಿಸಿತು. ಇವತ್ತು ರೈತನೊಬ್ಬನ ಲೈಸೆನ್ಸ್ ಪುಸ್ತಕದಲ್ಲಿ ‘ತ್ರೀ ಫಿಫ್ಟೀನ್’ ಎಂದು ಬರೆದಿರುವ ಸ್ವದೇಶಿ ರೈಫಲ್ಲಿನೊಳಗೆ ಇಂಗ್ಲೆಂಡಿನ ಯಂತ್ರ, ವಿಯೆನ್ನಾದ ತೋಟಾ ಕೂಡಿಕೊಂಡಿವೆ. ಒಂದೇ ಕೋವಿಗೆ ಒಂದೇ ಹುಟ್ಟೂರು ಇರಲೇಬೇಕೆಂದು ಹೊರಟವರಿಗೆ ಇಲ್ಲೇ ಮೊದಲ ತೊಡಕು.

ಇನ್ನು ಕೋವಿಯನ್ನೇ ಮೇಜಿನ ಮೇಲಿಟ್ಟು ನೋಡೋಣ. ಮೊದಲು ಬೋಲ್ಟ್ ಹಿಂದಕ್ಕೆಳೆದು, ಮ್ಯಾಗಜಿನ್ ಬಿಚ್ಚಿ, ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಬೇಕು. ತಾತ ಇಟ್ಟ ತೋಟಾ ಮೊಮ್ಮಗನ ಕಾಲದವರೆಗೂ ಒಳಗೇ ಕೂತಿರುವ ಸಾಧ್ಯತೆಯನ್ನು ಲಘುವಾಗಿ ಎಣಿಸಬಾರದು.

ಬೋಲ್ಟಿನ ಹಿಡಿಯೇ ಅರ್ಧ ಕಥೆ ಹೇಳುತ್ತದೆ. ಬೋಲ್ಟನ್ನು ಮುಂದಕ್ಕೆ ನೂಕಿ ಮುಚ್ಚುವಾಗ ಸ್ಪ್ರಿಂಗಿನ ಬಿಗಿ ಕೈಗೆ ಸಿಕ್ಕಿದರೆ ಅದು ಬಹುತೇಕ ಲೀ-ಎನ್‌ಫೀಲ್ಡ್ ವಂಶದ್ದು ಅಥವಾ ಹಳೆಯ ಮೌಸರ್. ಮೇಲೆತ್ತಿ ತೆರೆಯುವಾಗಲೇ ಬಿಗಿ ಹತ್ತಿದರೆ 1898ರ ಮಾದರಿಯ ಮೌಸರ್ ಇರಬಹುದು. ಹಿಡಿ ನಾಯಿಯ ಹಿಂಗಾಲಿನಂತೆ ಎರಡು ಕಡೆ ಬಾಗಿ ಹಿಂದಕ್ಕೆ ಹೊರಳಿದ್ದರೆ ಅದು ‘ಪ್ಯಾಟರ್ನ್ 14’ ಅಥವಾ ಅದರ ಅಮೆರಿಕನ್ ಸಹೋದರ. ಈ ಪ್ಯಾಟರ್ನ್ 14 ಒಂದು ಮಜದ ರೈಫಲ್. ವಿನ್ಯಾಸ ಇಂಗ್ಲೆಂಡಿನದು, ಮೊದಲ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಿಗೆ ಬಿಡುವಿಲ್ಲದೆ ತಯಾರಾದದ್ದು ಅಮೆರಿಕದಲ್ಲಿ. ವಿಂಚೆಸ್ಟರ್, ರೆಮಿಂಗ್ಟನ್ ಕಾರ್ಖಾನೆಗಳ ಜೊತೆಗೆ ಪೆನ್ಸಿಲ್ವೇನಿಯಾದ ಎಡ್ಡಿಸ್ಟೋನ್ ಎಂಬಲ್ಲಿ, ರೈಲು ಎಂಜಿನ್ ಕಟ್ಟುತ್ತಿದ್ದ ಬಾಲ್ಡ್‌ವಿನ್ ಕಂಪನಿಯ ಆವರಣದಲ್ಲಿ ಇನ್ನೊಂದು ಕಾರ್ಖಾನೆ ಎದ್ದಿತು. ಮೂರೂ ಸೇರಿ 12 ಲಕ್ಷಕ್ಕೂ ಹೆಚ್ಚು ರೈಫಲ್‌ಗಳನ್ನು ಮಾಡಿದವು. ಯಾವ ಕಾರ್ಖಾನೆಯದು ಎಂದು ತಿಳಿಯಲು ಕಷ್ಟವಿಲ್ಲ. ಬೋಲ್ಟ್ ಓಡಾಡುವ ಉಕ್ಕಿನ ಗೂಡಾದ ರಿಸೀವರ್, ಬೋಲ್ಟ್, ಮರ ಹೀಗೆ ಬಿಡಿಭಾಗಗಳ ಮೇಲೆಲ್ಲ ಡಬ್ಲ್ಯು, ಆರ್ ಅಥವಾ ಇ ಅಕ್ಷರ ಒತ್ತಿರುತ್ತಾರೆ.

ಈ ರೈಫಲ್ಲಿನ ಹಿಂದಿನ ಸೈಟನ್ನು ಕಾಯಲು ರಿಸೀವರಿನ ಮೇಲೆ ಎರಡು ಕಿವಿಗಳಿದ್ದವು. ಶಿಕಾರಿಯ ರೂಪ ಕೊಡುವವರು ಮೊದಲು ಮಾಡುತ್ತಿದ್ದ ಕೆಲಸವೇ ಆ ಕಿವಿಗಳನ್ನು ಉಜ್ಜಿ ಸಪಾಟು ಮಾಡುವುದು. ಎಷ್ಟೇ ನಾಜೂಕಾಗಿ ಉಜ್ಜಿದರೂ ಆ ಭಾಗ ಬೇರೆ ರೈಫಲ್‌ಗಳಿಗಿಂತ ಅಗಲವಾಗಿ, ಕೊಂಚ ಒಡ್ಡೊಡ್ಡಾಗಿಯೇ ಉಳಿಯುತ್ತದೆ. ಟಾರ್ಚನ್ನು ಅಡ್ಡಲಾಗಿ ಹಿಡಿದರೆ ಅರದ ಗೀರುಗಳು ಕಾಣುತ್ತವೆ. ಮೇಲೆ ದೊಡ್ಡ ಅಂಗಡಿಯ ಹೆಸರನ್ನು ಎಷ್ಟು ಸೊಗಸಾದ ಅಕ್ಷರದಲ್ಲಿ ಕೊರೆಸಿದ್ದರೂ ಆ ಗೀರುಗಳಿದ್ದರೆ ಕೋವಿ ಹೊರಟದ್ದು ಅಮೆರಿಕದ ಕಾರ್ಖಾನೆಯಿಂದ, ಸಿಪಾಯಿಗಾಗಿ.

ಮೌಸರ್‌ನಲ್ಲಿ ನೋಡಬೇಕಾದ ಜಾಗ ಬೇರೆ. ಸೇನೆಯ ಮೌಸರ್ ನಳಿಗೆ ಮೂತಿಯ ಕಡೆಗೆ ಹೋಗುತ್ತ ಮೆಟ್ಟಿಲು ಮೆಟ್ಟಿಲಾಗಿ ಸಣ್ಣದಾಗುತ್ತದೆ; ಶಿಕಾರಿಗೆಂದೇ ಮಾಡಿದ ನಳಿಗೆ ಒಂದೇ ಸಮನೆ ಇಳಿಜಾರು. ರಿಸೀವರಿನ ಎಡಗೋಡೆಯಲ್ಲಿ ಹೆಬ್ಬೆರಳು ಕೂರುವಷ್ಟು ತಗ್ಗು ಇದ್ದರೆ ಅದು ಐದು ತೋಟಾಗಳನ್ನು ಪಟ್ಟಿಯಿಂದ ಒಮ್ಮೆಗೇ ಒಳಗೊತ್ತುವ ಸಿಪಾಯಿಗೆ ಕೊಟ್ಟ ಅನುಕೂಲ. ರಿಸೀವರಿನ ನೆತ್ತಿಯ ಮೇಲೆ, ಯಾವ ದೇಶದ ಸೇನೆಗಾಗಿ ಮಾಡಿದ್ದೋ ಆ ದೇಶದ ಲಾಂಛನ ಇರುತ್ತಿತ್ತು. ಅಲ್ಲಿ ಬಳ್ಳಿ ಹೆಣೆದಂತಹ ತುಘ್ರಾ, ಅಂದರೆ ಸುಲ್ತಾನನ ಅಂಕಿತ, ಪಕ್ಕದಲ್ಲಿ ಉರ್ದು ಅಂಕಿಗಳಂತೆ ಕಾಣುವ ಸಂಖ್ಯೆ ಇದ್ದರೆ ಕೋವಿ ಒಟ್ಟೋಮನ್ ತುರ್ಕಿಯ ಸೇನೆಗೆ ಹೋದದ್ದು. ಮೈಸೂರು ಲ್ಯಾನ್ಸರ್ಸ್ ದಳ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಎದುರಿಸಿದ್ದು ಇದೇ ಸೇನೆಯನ್ನು. ಮುತ್ತಾತ ಯುದ್ಧದಿಂದ ತಂದದ್ದು ಎಂಬ ಮಾತು ಮನೆಯಲ್ಲಿದ್ದರೆ ನೆತ್ತಿಯ ಮೇಲೆ ಆ ಗುರುತು ಇದೆಯೇ ಎಂದು ನೋಡುವುದು ಸುಲಭದ ಪರೀಕ್ಷೆ. ಗುರುತಿದ್ದ ಮಾತ್ರಕ್ಕೆ ಮುತ್ತಾತನೇ ತಂದದ್ದೆಂದು ಸಾಬೀತಾಗುವುದಿಲ್ಲ, ಅದು ಬೇರೆ ಮಾತು. ಗುರುತಿನ ಜಾಗದಲ್ಲಿ ಬರೀ ನುಣುಪು ಲೋಹವಿದ್ದು ಅಕ್ಕಪಕ್ಕಕ್ಕಿಂತ ತುಸು ತಗ್ಗಿದ್ದರೆ ಯಾರೋ ಲಾಂಛನವನ್ನು ಬೇಕೆಂದೇ ಉಜ್ಜಿದ್ದಾರೆ.

ಮುಖ್ಯವಾದದ್ದೆಲ್ಲ ಇರುವುದು ಮರದ ಕೆಳಗೆ. ಎರಡು ಸ್ಕ್ರೂ ಸಡಿಲಿಸಿ ನಳಿಗೆಯನ್ನು ಹಿಡಿಮರದಿಂದ ಎತ್ತಿದರೆ ಅದರ ಹೊಟ್ಟೆಯ ಭಾಗದಲ್ಲಿ, ನೂರು ವರ್ಷ ಬೆಳಕು ಕಾಣದ ಜಾಗದಲ್ಲಿ, ಪುಟ್ಟ ಪುಟ್ಟ ಮುದ್ರೆಗಳ ಸಾಲು ಸಿಗುತ್ತದೆ. ಮಸುಕಾಗಿದ್ದರೆ ಸೀಮೆಸುಣ್ಣದ ಪುಡಿ ತೀಡಿ ಒರೆಸಿದರೆ ಸಾಕು, ಬಿಳಿ ಗೆರೆಗಳಾಗಿ ಎದ್ದು ಬರುತ್ತವೆ.

ಇವುಗಳಲ್ಲಿ ನ್ಯಾಯಾಲಯದ ಸಾಕ್ಷಿಯಷ್ಟು ಗಟ್ಟಿಯಾದವು ಪ್ರೂಫ್ ಮುದ್ರೆಗಳು. ಇಂಗ್ಲೆಂಡಿನಲ್ಲಿ ಪ್ರತಿ ನಳಿಗೆಯನ್ನೂ ಮಾಮೂಲಿಗಿಂತ ಹೆಚ್ಚಿನ ಮದ್ದಿನಿಂದ ಹಾರಿಸಿ, ಬಿರಿಯದಿದ್ದರೆ ಮಾತ್ರ ಮುದ್ರೆ ಒತ್ತಿ ಮಾರಾಟಕ್ಕೆ ಬಿಡುತ್ತಾರೆ. 1637ರಲ್ಲಿ ಸನ್ನದು ಪಡೆದ ಲಂಡನ್ನಿನ ಬಂದೂಕುಗಾರರ ಸಂಘದ ಮುದ್ರೆ ಕಿರೀಟದ ಕೆಳಗೆ ಜಿ ಮತ್ತು ಪಿ ಹೆಣೆದ ಅಕ್ಷರ. 1813ರಲ್ಲಿ ಶುರುವಾದ ಬರ್ಮಿಂಗ್‌ಹ್ಯಾಮ್ ಪ್ರೂಫ್ ಹೌಸಿನ ಮುದ್ರೆಗಳು ಬೇರೆ; ಹೊಗೆಯಿಲ್ಲದ ನೈಟ್ರೋ ಮದ್ದಿಗೆ ತಾಳಿದ್ದೆಂದು ಹೇಳುವ ಎನ್‌ಪಿ ಅಕ್ಷರಗಳು ಅಲ್ಲಿ 1904ರಿಂದ ಕಾಣಿಸಿಕೊಂಡವು. 1921ರಿಂದ ಅಡ್ಡಡ್ಡ ಇಟ್ಟ ಎರಡು ಭರ್ಜಿಗಳ ಸುತ್ತ ವರ್ಷ ಸೂಚಿಸುವ ಗುಟ್ಟಿನ ಅಕ್ಷರವನ್ನೂ ಒತ್ತತೊಡಗಿದರು. ಮೇಲೆ ಲಂಡನ್ ಎಂದಿದ್ದು ಕೆಳಗೆ ಬರ್ಮಿಂಗ್‌ಹ್ಯಾಮಿನ ಮುದ್ರೆಯಿದ್ದರೆ, ಕೋವಿ ತಯಾರಾದದ್ದು ಬರ್ಮಿಂಗ್‌ಹ್ಯಾಮಿನ ಕುಲುಮೆಗಳಲ್ಲಿ, ಲಂಡನ್ನಿನದು ಅಂಗಡಿಯ ಬೋರ್ಡು ಮಾತ್ರ ಎಂದು ಶಂಕಿಸಲು ಜಾಗವಿದೆ. ಆ ಕಾಲಕ್ಕೆ ಅದು ಮೋಸವೂ ಆಗಿರಲಿಲ್ಲ, ವ್ಯಾಪಾರದ ರೂಢಿ. ಕಲ್ಕತ್ತೆಯ ಮ್ಯಾಂಟನ್, ರೊಡ್ಡಾ ಅಂಗಡಿಗಳೂ ಇಂಗ್ಲೆಂಡಿನಿಂದ ತರಿಸಿದ ಕೋವಿಗೆ ತಮ್ಮ ಹೆಸರು ಕೆತ್ತಿಸಿಯೇ ಮಾರುತ್ತಿದ್ದವು.

ಇನ್ನೊಂದು ಮುದ್ರೆಯಂತೂ ಸಂಕೋಚವಿಲ್ಲದೆ ಗುಟ್ಟು ಬಿಟ್ಟುಕೊಡುತ್ತದೆ. 1925ರ ನಂತರ ಹೊರದೇಶದಲ್ಲಿ ತಯಾರಾಗಿ ಇಂಗ್ಲೆಂಡಿಗೆ ಬಂದ ಕೋವಿಗಳ ಮೇಲೆ ಪ್ರೂಫ್ ಹೌಸಿನವರು ‘ನಾಟ್ ಇಂಗ್ಲಿಷ್ ಮೇಕ್’ ಎಂದೇ ಒತ್ತುತ್ತಿದ್ದರು. ‘ಅಪ್ಪಟ ಇಂಗ್ಲಿಷ್ ಕೋವಿ’ ಎಂದು ಮನೆಯವರು ಬೀಗುತ್ತಿರುವಾಗ ಮರದಡಿಯಲ್ಲಿ ಇಂಗ್ಲೆಂಡಿನವರೇ ಹೀಗೆ ಬರೆದಿಟ್ಟಿದ್ದರೆ ವಾದಕ್ಕೆ ಏನು ಉಳಿಯಿತು?

ಸೇನೆಯ ಗುರುತುಗಳು ಇನ್ನೊಂದು ಬಗೆ. ಬ್ರಿಟಿಷ್ ಸರ್ಕಾರದ ಸೊತ್ತಿಗೆಲ್ಲ ಮೂರು ಗೆರೆಯ ಬಾಣದ ಗುರುತು. ಭಾರತದ ಸೇನೆಗೆ ಸೇರಿದ್ದಾದರೆ ಬಾಣದ ಜೊತೆಗೆ ಐ ಅಕ್ಷರ. ಎರಡು ಬಾಣಗಳು ಮೂತಿಗೆ ಮೂತಿ ತಾಗಿಸಿ ನಿಂತಿದ್ದರೆ ‘ಸೇನೆಯಿಂದ ಮಾರಿ ಹೊರಗೆ ಹಾಕಲಾಗಿದೆ’ ಎಂದರ್ಥ. ಸರ್ಪ್ಲಸ್ ಕೋವಿಯ ಬಿಡುಗಡೆ ಪತ್ರವೇ ಅದು. ಲೀ-ಎನ್‌ಫೀಲ್ಡ್ ರೈಫಲ್ಲಿನಲ್ಲಿ ಹಿಡಿಮರ ಸೇರುವ ಕಂಠದ ಬಲಗಡೆ ಕಿರೀಟ, ರಾಜನ ಹೆಸರಿನ ಮೊದಲಕ್ಷರಗಳು, ಕಾರ್ಖಾನೆಯ ಹೆಸರು, ವರ್ಷ ಇಷ್ಟೂ ಸಾಲಾಗಿರುತ್ತವೆ. ಕಲ್ಕತ್ತೆಯ ಹತ್ತಿರದ ಇಷಾಪುರ ರೈಫಲ್ ಕಾರ್ಖಾನೆಯದಾದರೆ ಕಿರೀಟದ ಕೆಳಗೆ ಜಿಆರ್‌ಐ ಎಂದು, ಗಣರಾಜ್ಯವಾದ ಮೇಲಿನದಾದರೆ ಕಿರೀಟದ ಜಾಗದಲ್ಲಿ ಅಶೋಕನ ಸಿಂಹಗಳು ಇರುತ್ತವೆ. ಒಂದೇ ಸಂಖ್ಯೆ ರಿಸೀವರ್, ಬೋಲ್ಟ್ ಹಿಡಿ, ನಳಿಗೆಗಳ ಮೇಲೆ ಮರುಕಳಿಸಬೇಕು. ಮೂರು ಕಡೆ ಮೂರು ಸಂಖ್ಯೆ ಇದ್ದರೆ ಅದು ಬೇರೆ ಬೇರೆ ಕೋವಿಗಳಿಂದ ಕೂಡಿಸಿದ್ದು. ಹಾರಿಸುವ ಯೋಚನೆಯನ್ನೇ ಅಲ್ಲಿಗೆ ಬಿಡುವುದು ಜಾಣತನ.

ಇಷಾಪುರದ ಮಾತು ಬಂದಾಗ ಪೊಲೀಸರ .410 ಮಸ್ಕೆಟ್ಟನ್ನು ಬಿಡುವಂತಿಲ್ಲ. ಸೇನೆಯಲ್ಲಿ ದಣಿದ .303 ರೈಫಲ್‌ಗಳ ನಳಿಗೆಯನ್ನು ಕೊರೆದು, ಒಳಗಿನ ಸುರುಳಿ ಗೀರುಗಳನ್ನೆಲ್ಲ ಅಳಿಸಿ ನುಣುಪು ಮಾಡಿ, ಮ್ಯಾಗಜಿನ್ನಿನೊಳಗೆ ಮರದ ತುಂಡು ತುರುಕಿ, ಒಂದು ಬಾರಿಗೆ ಒಂದೇ ಈಡು ಹಾರುವಂತೆ ಮಾಡಿದರು. ದೂರಕ್ಕೆ ಗುರಿಯಿಟ್ಟು ಕೊಲ್ಲುವ ಶಕ್ತಿಯನ್ನು ಕಿತ್ತುಕೊಂಡು ಪೊಲೀಸನ ಕೈಗೆ ಕೊಟ್ಟರು. ಹೊರಗಿನಿಂದ ಅದು ಥೇಟ್ ತ್ರೀ ನಾಟ್ ತ್ರೀ. ಇದರ ತೋಟಾ ಕೂಡ .303ರ ಕೊಳವೆಯನ್ನೇ ನೆಟ್ಟಗೆ ಬಿಟ್ಟು ಮಾಡಿದ್ದು. ಅಂಗಡಿಯಲ್ಲಿ ಸಿಗುವ ಸಣ್ಣ .410 ಚರೆ ತೋಟಾಗೂ ಅದಕ್ಕೂ ಸಂಬಂಧವಿಲ್ಲ.

ಬೆಳಕಿಗೆ ಹಿಡಿದು ನಳಿಗೆಯೊಳಗೆ ಕಣ್ಣಿಟ್ಟರೂ ಸುಳಿವು ಸಿಗುತ್ತದೆ. ಎನ್‌ಫೀಲ್ಡ್ ಪದ್ಧತಿಯ ನಳಿಗೆಯಲ್ಲಿ ಐದು ಗೀರುಗಳು, ಎಡಕ್ಕೆ ಸುತ್ತುತ್ತವೆ. ಮೌಸರ್‌ನಲ್ಲಿ ನಾಲ್ಕು, ಬಲಕ್ಕೆ. ಮೌಸರ್ ಯಂತ್ರದ ಮುಂದೆ ಎಡಕ್ಕೆ ಸುತ್ತುವ ಐದು ಗೀರುಗಳ ನಳಿಗೆ ಕಂಡರೆ ನಳಿಗೆ ಬದಲಾಗಿದೆ ಎಂದೇ ಅನುಮಾನಿಸಬೇಕು. ಬೋರ್ ಯಾವುದೆಂದು ಗೊತ್ತಾಗದಿದ್ದಾಗ ಬಲ್ಲವರು ತೋಟಾ ಕೂರುವ ಜಾಗಕ್ಕೆ ಕರಗಿಸಿದ ಗಂಧಕವನ್ನೋ ಬೇಗ ಕರಗುವ ಮಿಶ್ರಲೋಹವನ್ನೋ ಸುರಿದು ಅಚ್ಚು ತೆಗೆದು ಅಳೆಯುತ್ತಾರೆ. ಸಿಕ್ಕ ತೋಟಾ ತುರುಕಿ ನೋಡುವುದಕ್ಕಿಂತ ಎಷ್ಟೋ ವಾಸಿಯಾದ ದಾರಿ.

ಮರವೂ ಮಾತಾಡುತ್ತದೆ, ಅದರಲ್ಲೂ ಮೈಸೂರು, ಕೊಡಗಿನ ಸೀಮೆಯಲ್ಲಿ. ಇಂಗ್ಲೆಂಡಿನ ಹೆಸರಾಂತ ಕೋವಿಗಳ ಹಿಡಿಮರ ವಾಲ್‌ನಟ್‌ನದು. ಕಪ್ಪು ನೇರಳೆ ಬಣ್ಣದ, ಕೈಗೆ ಭಾರವೆನಿಸುವ ಬೀಟೆಯ ಹಿಡಿ ಇದ್ದರೆ ಲಂಡನ್ನಿನಲ್ಲಿ ಹುಡುಕುವ ಮೊದಲು ಊರಿನ ಬಡಗಿಗಳ ಕಡೆ ನೋಡುವುದು ಸರಿ. ಬೀಟೆಯಲ್ಲಿ ಕುಸುರಿ ಕೂರಿಸುವ ಕೈಗಳಿಗೆ ಮೈಸೂರಿನಲ್ಲಿ ಯಾವತ್ತೂ ಬರವಿರಲಿಲ್ಲ. ಸೇನೆಯ ಮರವನ್ನೇ ಮೊಟಕುಗೊಳಿಸಿದ್ದಾದರೆ ತುದಿಯಲ್ಲಿ ಹಿಂದೆ ಕಬ್ಬಿಣದ ಪಟ್ಟಿ ಕೂತಿದ್ದ ತಗ್ಗು, ಪಟ್ಟಿ ಕಟ್ಟುವ ಉಂಗುರದ ತೂತಿಗೆ ಬಡಿದ ಮರದ ಬೆಣೆ ಕಾಣುತ್ತವೆ.

ವರ್ಷದ ಅಂಕಿಗಳನ್ನು ಓದುವಾಗ ಎಚ್ಚರ ಬೇಕು. ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ ನರಭಕ್ಷಕ ಹುಲಿಗಳ ಬೆನ್ನಟ್ಟಿದ್ದು .405 ವಿಂಚೆಸ್ಟರ್ ಹಿಡಿದು. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಓದಿದವರಿಗೆ ಆತ ಪರಿಚಿತ. ಆ ರೈಫಲ್ಲಿನ ಮಾದರಿಯ ಹೆಸರೇ 1895. ಆದರೆ .405 ತೋಟಾ ಹುಟ್ಟಿದ್ದು 1904ರಲ್ಲಿ. ನಳಿಗೆಯ ಮೇಲೆ ಕಾಣುವುದು ಮಾದರಿಯ ವರ್ಷವೋ ಪೇಟೆಂಟಿನ ವರ್ಷವೋ ಆಗಿದ್ದು, ಕೋವಿ ತಯಾರಾದ ವರ್ಷ ಬೇರೆಯೇ ಇರಬಹುದು. ಟಿಪ್ಪುವಿನ ಕಾಲದ ಬಂದೂಕುಗಳಲ್ಲಂತೂ ಈ ಗೊಂದಲ ದುಪ್ಪಟ್ಟು. ಶ್ರೀರಂಗಪಟ್ಟಣದ ಕಾರ್ಖಾನೆಯಲ್ಲಿ ತಯಾರಾದವುಗಳ ಮೇಲಿರುವುದು ಹಿಜರಿ ಶಕೆಯಲ್ಲ, ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆ. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1224 ಎಂದು ಓದಬೇಕಾದದ್ದು 4221 ಎಂಬಂತೆ ಕಾಣುತ್ತದೆ, ಅದು ಸುಮಾರು 1796ಕ್ಕೆ ಸಮ. ಹುಲಿಪಟ್ಟೆಯ ಅಲಂಕಾರವಿದ್ದ ಅಂಥ ಒಂದು ಬಂದೂಕು ಇಂಗ್ಲೆಂಡಿನ ಬರ್ಕ್‌ಷೈರಿನ ಮನೆಯೊಂದರ ಅಟ್ಟದಲ್ಲಿತ್ತು. 1799ರ ಯುದ್ಧದ ನಂತರ ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಅದನ್ನು ಕೊಂಡೊಯ್ದಿದ್ದ. 2019ರ ಮಾರ್ಚಿನಲ್ಲಿ ಅದು 60 ಸಾವಿರ ಪೌಂಡಿಗೆ ಹರಾಜಾಯಿತು.

ಅದೇ ಯುದ್ಧದಲ್ಲಿ ಎದುರು ಪಾಳೆಯದ ಬಂದೂಕುಗಳ ಗುರುತೂ ಕಲಿಯಲು ಸುಲಭ. ಕಂಪನಿಯ ಬಂದೂಕಿನ ಮೇಲೆ ಸುಮಾರು 1808ರವರೆಗೆ ಹೃದಯದಾಕಾರದ ಗುರುತು, ಆಮೇಲೆ ಹಿಂಗಾಲ ಮೇಲೆ ನಿಂತ ಸಿಂಹ. ಕೇಪಿನ ಕೋವಿಗಳ ಮೇಲೆ ಕಾಣುವ ‘ಟವರ್’ ಎಂಬ ಪದವನ್ನು ಮಾತ್ರ ಅಷ್ಟು ಸುಲಭವಾಗಿ ನಂಬಬಾರದು. ಇಂಗ್ಲಿಷ್ ಬಾರದ ಕಮ್ಮಾರರೂ ಅದನ್ನು ನೋಡಿ ಕೆತ್ತಿದ್ದಾರೆ, ಕೆಲವೊಮ್ಮೆ ಅಕ್ಷರವನ್ನೇ ತಿರುವಿಹಾಕಿ.

ಕೋವಿಯ ಮೇಲಿನ ಬರಹ ನಿಜವೇ ಆಗಿದ್ದರೂ ನಾವು ತಪ್ಪಾಗಿ ಓದುವುದುಂಟು. ಜಿಮ್ ಕಾರ್ಬೆಟ್‌ನ .275 ರಿಗ್ಬಿ ರೈಫಲ್ ಇದಕ್ಕೆ ಒಳ್ಳೆಯ ಉದಾಹರಣೆ. ಲಂಡನ್ನಿನ ರಿಗ್ಬಿ ಕಂಪನಿ ಜರ್ಮನಿಯ ಮೌಸರ್ ಯಂತ್ರ ತರಿಸಿ ಕಟ್ಟಿದ ರೈಫಲ್ ಅದು, ಭಾರತದಲ್ಲಿ ಮಾರಿದವರು ಮ್ಯಾಂಟನ್. ಹಿಡಿಮರದ ಮೇಲಿನ ಬೆಳ್ಳಿಯ ತಗಡಿನಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದದ್ದಕ್ಕಾಗಿ ಲೆಫ್ಟಿನೆಂಟ್ ಗವರ್ನರ್ ಹ್ಯೂವೆಟ್ ಕೊಟ್ಟದ್ದೆಂದು ಕೆತ್ತಿದೆ. ಆ ಹುಲಿಯನ್ನು ಹೊಡೆದದ್ದು ಇದೇ ರೈಫಲ್ ಎಂದು ತಿಳಿದವರು ಬಹಳ. ಆದರೆ ಇದು ಹುಲಿ ಸತ್ತ ಮೇಲೆ ಬಂದ ಬಹುಮಾನ. ಅವತ್ತು ಕಾರ್ಬೆಟ್ ಮೊದಲು ಬಳಸಿದ್ದು .500 ಬೋರಿನ ಬೇರೆ ರೈಫಲ್, ಕೊನೆಯ ಈಡು ತಹಸೀಲ್ದಾರರಿಂದ ಎರವಲು ಪಡೆದ ಬಂದೂಕಿನದು. ಕಾರ್ಬೆಟ್ ತೀರಿಕೊಂಡ ಮೇಲೆ ಪುಸ್ತಕ ಪ್ರಕಾಶಕರಾದ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನವರ ಬಳಿ ಇದ್ದ ರಿಗ್ಬಿಯನ್ನು 2015ರಲ್ಲಿ ತಯಾರಕರೇ ಮರಳಿ ಕೊಂಡರು.

ರಿಗ್ಬಿ, ಹಾಲೆಂಡ್ ಅಂಡ್ ಹಾಲೆಂಡ್, ವೆಸ್ಟ್ಲಿ ರಿಚರ್ಡ್ಸ್‌ನಂಥ ಕಂಪನಿಗಳ ಹಳೆಯ ಲೆಡ್ಜರುಗಳು ಉಳಿದುಬಂದಿವೆ. ನಂಬರು ಸರಿಯಾಗಿ ಓದಲು ಬಂದರೆ ಕೋವಿ ಯಾರಿಗೆ, ಯಾವಾಗ ಮಾರಾಟವಾಯಿತೆಂದು ಹುಡುಕಬಹುದು. ನಂಬರಿನ ಬಲ ಎಷ್ಟೆಂಬುದಕ್ಕೆ ರೊಡ್ಡಾ ಅಂಗಡಿಯ ಪ್ರಕರಣವೇ ಸಾಕ್ಷಿ. 1914ರ ಆಗಸ್ಟ್ 26ರಂದು ಬಂಗಾಳದ ಕ್ರಾಂತಿಕಾರಿಗಳು ಕಲ್ಕತ್ತೆಯಲ್ಲಿ ಈ ಅಂಗಡಿಯ 50 ಮೌಸರ್ ಪಿಸ್ತೂಲು, 46 ಸಾವಿರ ತೋಟಾಗಳನ್ನು ಹಾರಿಸಿಕೊಂಡು ಹೋದರು. ಪಿಸ್ತೂಲುಗಳ ನಂಬರು ಅಂಗಡಿಯ ಲೆಕ್ಕದಲ್ಲಿದ್ದುದರಿಂದ ಮುಂದೆ ಒಂದೊಂದು ಪಿಸ್ತೂಲು ಸಿಕ್ಕಿದಾಗಲೂ ಪೊಲೀಸರಿಗೆ ಅದರ ಮೂಲ ಗೊತ್ತಾಗುತ್ತಿತ್ತು. ಸೇನೆಯ ರೈಫಲ್ಲಿಗೆ ಮಾತ್ರ ಈ ಭಾಗ್ಯವಿಲ್ಲ. ಕಾರ್ಖಾನೆ, ವರ್ಷ ತಿಳಿಯಬಹುದು, ಯಾವ ಸಿಪಾಯಿಯ ಕೈಯಲ್ಲಿತ್ತೆಂದು ತಿಳಿಯುವುದು ಬಲು ಅಪರೂಪ.

ಮನೆಯೊಳಗಿನ ಕಾಗದಗಳನ್ನು ಮರೆಯುವಂತಿಲ್ಲ. ಹಳೆಯ ಲೈಸೆನ್ಸ್ ಪುಸ್ತಕ, ಅಂಗಡಿಯ ರಸೀತಿ, ಹುಲಿತಲೆಯ ಹಿಂದೆ ಅಂಟಿಸಿದ ಚೀಟಿ ಎಲ್ಲವೂ ಬೇಕು. ಮೈಸೂರಿನ ವ್ಯಾನ್ ಇಂಗೆನ್ ಅಂಡ್ ವ್ಯಾನ್ ಇಂಗೆನ್ ಸಂಸ್ಥೆ 1900ರಿಂದ 1999ರವರೆಗೆ ಶಿಕಾರಿಗಳು ತಂದ ಹುಲಿ, ಚಿರತೆಗಳಿಗೆ ಹದ ಹಾಕಿ ರೂಪ ಕೊಟ್ಟಿತು. ಅವರ ಹೆಸರಿನ ಚೀಟಿಯ ಮೇಲೆ ವರ್ಷವಿದ್ದರೆ ‘ಈ ಹುಲಿಯನ್ನು ಹೊಡೆದದ್ದು ಈ ಕೋವಿಯಲ್ಲೇ’ ಎಂಬ ಮಾತು ಕಾಲಕ್ಕೆ ಹೊಂದುತ್ತದೆಯೇ ಎಂದು ನೋಡಬಹುದು.

ಇಷ್ಟೆಲ್ಲ ಗುರುತುಗಳನ್ನು ಹಾಳುಗೆಡವುವುದು ಕಳ್ಳರಿಗಿಂತ ಹೆಚ್ಚಾಗಿ ಮನೆಯವರೇ. ಆಯುಧಪೂಜೆಗೆ ಹೊಳೆಯಲಿ ಎಂದು ವರ್ಷವರ್ಷವೂ ಎಮರಿ ಕಾಗದದಿಂದ ಉಜ್ಜಿದರೆ ಮೊದಲು ಹೋಗುವುದೇ ಮುದ್ರೆಗಳು. ಇದು ಅಂದ ಚೆಂದದ ಮಾತಷ್ಟೇ ಅಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮಿನ ಪ್ರಕಾರ ಕೋವಿಯ ಹೆಸರು, ನಂಬರು ಅಳಿಸುವುದು ಅಪರಾಧ. ಅಳಿಸಿದ ಕೋವಿ ಯಾರ ಬಳಿ ಇದೆಯೋ ಅವರೇ ಅಳಿಸಿದ್ದೆಂದು ಕಾನೂನು ಮೊದಲು ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಅವರದ್ದೇ. ಗುರುತಿಲ್ಲದ ಕೋವಿಯನ್ನು ಮಾರುವಂತೆಯೂ ಇಲ್ಲ, ವರ್ಗಾಯಿಸುವಂತೆಯೂ ಇಲ್ಲ. ಅಂಕಿ ಒತ್ತಿದಾಗ ಅದರ ಕೆಳಗಿನ ಲೋಹವೂ ಒತ್ತಿಕೊಂಡಿರುವುದರಿಂದ, ಉಜ್ಜಿಹೋದ ನಂಬರನ್ನು ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆಮ್ಲ ಸವರಿ ಎಷ್ಟೋ ಸಲ ಮತ್ತೆ ಕಾಣಿಸುತ್ತಾರೆ. ಅದು ತನಿಖೆಯ ದಾರಿ, ಮನೆಯಲ್ಲಿ ಪ್ರಯೋಗ ಮಾಡುವಂಥದ್ದಲ್ಲ.

ಲೈಸೆನ್ಸಿನ ಮಾತಿಗೆ ಬಂದರೆ ಪಕ್ಕದ ಕೊಡಗಿನ ಲೆಕ್ಕ ಬೇರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಮೈಸೂರಿನವರಿಗೆ ಆ ಸವಲತ್ತಿಲ್ಲ. ಕೋವಿ ಹಳೆಯದು, ಪೂಜೆಗೆ ಮಾತ್ರ ಇಟ್ಟಿದ್ದೇವೆ ಎಂದರೂ ನಡೆಯದು. ಪುರಾತನವೆಂದು ಕಾಯ್ದೆಯಿಂದ ಹೊರಗುಳಿಯಬೇಕಾದರೆ ಅದು ರಿಪೇರಿ ಮಾಡಿದರೂ ಹಾರದ ಸ್ಥಿತಿಯಲ್ಲಿರಬೇಕು.

2019ರ ಡಿಸೆಂಬರಿನಲ್ಲಿ ಬಂದ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ವಂಶಪಾರಂಪರ್ಯವಾಗಿ ಬಂದವಕ್ಕೂ ಅದೇ ಮಿತಿ. ಮೂರಿದ್ದವರಿಗೆ ಒಂದನ್ನು ಬಿಟ್ಟುಕೊಡಲು ಒಂದು ವರ್ಷದ ಗಡುವು ಸಿಕ್ಕಿತು. ತೋಟಾ ಹೊಡೆಯುವ ಜೋಡುನಳಿಗೆ, ಅಜ್ಜನ ಕೇಪಿನ ಕೋವಿ, ಲಂಡನ್ ಎಂದು ಬರೆದ ರೈಫಲ್ ಮೂರೂ ಇದ್ದ ಮನೆಯಲ್ಲಿ ಯಾವುದನ್ನು ಬಿಡಬೇಕೆಂಬ ಪ್ರಶ್ನೆ ಎದ್ದಾಗ ನಳಿಗೆಯ ಮೇಲಿನ ಹೆಸರೊಂದನ್ನೇ ನೋಡಿ ತೀರ್ಮಾನಿಸಿದರೆ ಕಿವಿ ಉಜ್ಜಿದ ಎಡ್ಡಿಸ್ಟೋನ್ ಮನೆಯಲ್ಲಿ ಉಳಿದು, ಸಿಂಹದ ಗುರುತಿನ ಕಂಪನಿ ಬಂದೂಕು ಠಾಣೆ ಸೇರಬಹುದು. ಆಗಿನ ಗಡುವು ಮುಗಿದಿದೆ. ಹಿರಿಯರ ಲೈಸೆನ್ಸು ಮಕ್ಕಳ ಹೆಸರಿಗೆ ಬದಲಾಗುವಾಗ ಅದೇ ಲೆಕ್ಕ ಮತ್ತೆ ಎದುರಾಗುತ್ತದೆ. ಅರ್ಜಿ ಹಾಕುವ ಮುನ್ನ ಮರ ಬಿಚ್ಚಿಸಿ, ಮುದ್ರೆಗಳ ಫೋಟೊ ತೆಗೆಸಿ, ಪುಸ್ತಕದಲ್ಲಿರುವ ನಂಬರು ನಳಿಗೆಯದೋ ರಿಸೀವರಿನದೋ ಎಂದು ತಾಳೆ ನೋಡಿಸುವುದಕ್ಕೆ ಲೈಸೆನ್ಸ್ ಪಡೆದ ಬಂದೂಕು ರಿಪೇರಿಯವರ ಅಂಗಡಿಯಲ್ಲಿ ಅರ್ಧ ದಿನದ ಕೆಲಸ.